ವಲ್ಲಿಯಡಿ ಆದ ಟ್ರಸ್ಟು

ಹೋದ ತಿಂಗಳು ಮೀಟಿಂಗಿಗೆಂದು ಚನ್ನರಾಯಪಟ್ಟಣದ ನಮ್ಮ ಹಾಸ್ಟೆಲಿಗೆ ಹೋದಾಗ ಬಾಗಿಲಲ್ಲೇ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲ ಮೇಲಿನ ಬೋರ್ಡನ್ನು ಕೆಳಗಿಳಿಸಿ ಜಗುಲಿಗೆ ಒರಗಿಸಿಕೊಂಡು ಪೇಂಟರ್ ಒಬ್ಬ ಕುಕ್ಕರಗಾಲಲ್ಲಿ ಕೂತು ಅಕ್ಷರ ತಿದ್ದುತ್ತಿದ್ದ. ನಾನು ಸೆರಗು ಸುತ್ತಿಕೊಂಡು ಬಗ್ಗಿ ಓದಿದೆ. ಧರ್ಮದರ್ಶಿಗಳು ಅಂತ ಬರೆದ ಕೆಳಗೆ ಮೊದಲು ಮಂಗಳನ ಹೆಸರು, ಅದರ ಕೆಳಗೆ ನನ್ನ ಹೆಸರು. ನಾನು ಅವಳಿಗಿಂತ ದೊಡ್ಡವಳು. ಟ್ರಸ್ಟಿನ ಪತ್ರಕ್ಕೆ ಮೊದಲು ರುಜು ಹಾಕಿದವಳೂ ನಾನೇ. "ಯಾಕಪ್ಪ, ಈ ಹೆಸರು ಮೇಲೆ ಯಾಕೆ ಬರೆದೆ?" ಅಂದೆ. ಅವನು ತಲೆಯೆತ್ತದೆ, "ಹಳೇದ್ರಲ್ಲಿ ಎಂಗಿತ್ತೋ ಅಂಗೇ ಬರ್ದಿವ್ನಿ ಕಣಮ್ಮ" ಅಂದ. ಹಳೆಯದರಲ್ಲೂ ಹಾಗೇ ಇತ್ತು, ನಿಜ. ನಲವತ್ತು ವರ್ಷದಿಂದ ಹಾಗೇ ಇದೆ, ನಲವತ್ತು ವರ್ಷದಿಂದ ನಾನು ಆ ಬಾಗಿಲು ದಾಟುವಾಗಲೆಲ್ಲ ತಲೆಯೆತ್ತಿ ನೋಡಿ ಮುಖ ಗಂಟು ಹಾಕಿಕೊಂಡು ಒಳಗೆ ಹೋಗಿದ್ದೇನೆ.

ಮೊಮ್ಮಕ್ಕಳ ಮದುವೆ ಮಾಡಿದವಳಿಗೆ ಬೋರ್ಡಿನ ಮೇಲಿನ ಒಂದು ಸಾಲಿಗಾಗಿ ಹೊಟ್ಟೆ ಉರಿಯುತ್ತದೆಯೇ ಎಂದು ನೀವು ಕೇಳಬಹುದು. ಉರಿಯುತ್ತದೆ. ನಿಮಗೂ ಹಾಗೆ ಉರಿಸುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ, ನೀವು ಹೇಳಿಕೊಳ್ಳುವುದಿಲ್ಲ ಅಷ್ಟೇ. ನನಗೆ ಸಿಕ್ಕವಳು ಮಂಗಳ.

ಮಂಗಳ ನನ್ನ ಚಿಕ್ಕಮ್ಮನ ಮಗಳು. ನಮ್ಮ ತಾಯಂದಿರು ಮೂವರು ಅಕ್ಕತಂಗಿಯರು. ಹಿರಿಯಳು ದೊಡ್ಡಮ್ಮ ಚನ್ನರಾಯಪಟ್ಟಣಕ್ಕೆ ಹೋದಳು, ನಮ್ಮಮ್ಮ ಹೊಳೆನರಸೀಪುರಕ್ಕೆ, ಮಂಗಳನ ತಾಯಿ ಅರಕಲಗೂಡಿಗೆ. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ಅದಕ್ಕೇ ಬೇಸಿಗೆ ರಜ ಬಂತೆಂದರೆ ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿ ಅವಳ ಮನೆಗೆ ಕಳಿಸುತ್ತಿದ್ದರು. ದೊಡ್ಡಪ್ಪನದು ಕೊಬ್ಬರಿ ಮಂಡಿ. ಅವರು ದಲ್ಲಾಳಿಯಾಗಿ ಸಂತೆ ಸಂತೆ ಸುತ್ತಿ, ಸ್ವಂತ ದುಡಿಮೆಯಲ್ಲೇ ಮಂಡಿ ಕಟ್ಟಿ, ದೊಡ್ಡ ಅಟ್ಟದ ಮನೆ ಕಟ್ಟಿಸಿ, ಬಾಗೂರಿನ ದಾರಿಯಲ್ಲಿ ತೆಂಗಿನ ತೋಟ ಮಾಡಿದ್ದರು. ಅಪ್ಪ ತಾತ ಬಿಟ್ಟುಹೋದದ್ದು ಒಂದು ಗುಂಟೆಯೂ ಇರಲಿಲ್ಲ. ಅದನ್ನು ಅವರು ದಿನಕ್ಕೊಮ್ಮೆ ಹೇಳುತ್ತಿದ್ದರು.

ಇಬ್ಬರೂ ಒಂದೇ ದಿನ ಬಂದಿಳಿದರೂ ಆ ಮನೆಯ ಹೊಸ್ತಿಲಲ್ಲಿ ನಮ್ಮ ದಾರಿ ಬೇರೆಯಾಗುತ್ತಿತ್ತು. ಮಂಗಳನನ್ನು ಕಂಡರೆ ದೊಡ್ಡಮ್ಮ, "ಬಾರವ್ವ ಕಂದ, ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೊ" ಎಂದು ಮಣೆ ಹಾಕುತ್ತಿದ್ದಳು. ನನ್ನನ್ನು ಕಂಡರೆ, "ಏನೇ ಅಂಗೆ ನಿಂತ್ಕೊಂಡೆ ಕಂಬದಂಗೆ? ಕಾಲು ತೊಳ್ಕೊಂಡು ಒಲೆ ಮುಂದೆ ಬಾ" ಎನ್ನುತ್ತಿದ್ದಳು. ಮಂಗಳನ ಎಲೆಗೆ ಕೇಳದೆ ತುಪ್ಪ ಬೀಳುತ್ತಿತ್ತು. ನಾನು ಕೇಳಿದರೆ "ಇನ್ನೂ ಎಷ್ಟು ಬೇಕೇ ನಿಂಗೆ" ಅನ್ನುವ ಮಾತಿನ ಜೊತೆ ಬೀಳುತ್ತಿತ್ತು. ಬೀಳುತ್ತಿದ್ದದ್ದು ಅಷ್ಟೇ ತುಪ್ಪ ಇರಬಹುದು, ಆದರೆ ಮಾತಿನ ಜೊತೆ ಬಂದ ತುಪ್ಪ ಬೇರೆ ರುಚಿ. ಹಾಲು ಉಕ್ಕಿದರೆ ನಾನು, ಬೆಕ್ಕು ಒಳಗೆ ಬಂದರೆ ನಾನು, ದೇವರ ಮನೆಯ ವಿಭೂತಿ ಗಟ್ಟಿ ಒಡೆದರೆ ಅದೂ ನಾನು. ಮಂಗಳ ಒಡೆದದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಆ ತೋಟ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ದೊಡ್ಡಪ್ಪ ಗಾಡಿ ಕಟ್ಟಿಸಿದರೆ, "ಮಂಗಳವ್ವ, ತ್ವಾಟಕ್ಕೆ ಬತ್ತೀಯಾ" ಎಂದು ಕರೆಯುತ್ತಿದ್ದರು. ಅವಳು ಜಡೆ ಮುಂದಕ್ಕೆ ಹಾಕಿಕೊಂಡು ಗಾಡಿಯಲ್ಲಿ ಕೂತುಬಿಡುತ್ತಿದ್ದಳು. ನಾನು ಚಪ್ಪಲಿ ಹುಡುಕುವ ಹೊತ್ತಿಗೆ ದೊಡ್ಡಮ್ಮನ ಕೂಗು ಬರುತ್ತಿತ್ತು: "ನೀನೆಲ್ಲಿಗೇ ಒಂಟಿದ್ದು? ಅಟ್ಟದ ಮೇಲೆ ಕಾಯಿ ಯಾರು ನೋಡ್ತಾರೆ, ನಿಮ್ಮಪ್ಪ ಬತ್ತಾನಾ?" ಕಾಯಿ ನೋಡುವುದೆಂದರೆ ನಿಮಗೆ ಗೊತ್ತಿರಲಾರದು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಒಡೆಯುವುದಿಲ್ಲ. ಇಡೀ ಕಾಯಿಯನ್ನೇ ಅಟ್ಟದ ಮೇಲೆ ಹರಡಿ, ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟುಕೊಳ್ಳುವವರೆಗೆ ಹೆಚ್ಚುಕಮ್ಮಿ ಒಂದು ವರ್ಷ ಕಾಯುತ್ತಾರೆ. ಆದದ್ದೋ ಇಲ್ಲವೋ ಎಂದು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಗಡಗಡ ಅಂದರೆ ಒಂದು ಕಡೆ, ಸುಮ್ಮನಿದ್ದರೆ ಇನ್ನೊಂದು ಕಡೆ. ಹೆಂಚಿನ ಕೆಳಗಿನ ಆ ಧಗೆಯಲ್ಲಿ, ಮೂಗಿಗೆ ನಾರಿನ ಧೂಳು ತುಂಬಿಕೊಂಡು ನಾನು ಕಾಯಿ ಅಲ್ಲಾಡಿಸುವಾಗ ಕೆಳಗಿನಿಂದ ದೊಡ್ಡಮ್ಮ ಬೈಯುತ್ತಲೇ ಕಾಯಿಯ ವಿದ್ಯೆಯನ್ನೆಲ್ಲ ಹೇಳಿಕೊಡುತ್ತಿದ್ದಳು. ಮಂಗಳ ಸಂಜೆ ಗಾಡಿ ಇಳಿದು ಬಂದು ಎಳನೀರಿನ ಕತೆ, ಬಾವಿಯ ಕತೆ, ನವಿಲಿನ ಕತೆ ಹೇಳುತ್ತಿದ್ದಳು. ಆ ನವಿಲನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಓಡಿಸಿದ್ದೇನೋ.

ದೊಡ್ಡಪ್ಪ ನಮ್ಮಿಬ್ಬರಿಗೂ ಸರಿಸಮ ಕೊಟ್ಟದ್ದೆಂದರೆ ಒಂದು ಆಟ. ಆಗ ಕೊಬ್ಬರಿಯ, ದನದ ವ್ಯಾಪಾರವೆಲ್ಲ ವಲ್ಲಿಯ ಕೆಳಗೆ ನಡೆಯುತ್ತಿತ್ತು. ವಲ್ಲಿಯೆಂದರೆ ಗಂಡಸರ ಹೆಗಲ ಮೇಲಿನ ಬಟ್ಟೆ, ಈಗಿನವರ ಟವಲು. ಕೊಳ್ಳುವವನೂ ದಲ್ಲಾಳಿಯೂ ಕೈಕೈ ಹಿಡಿದು ಮೇಲೆ ವಲ್ಲಿ ಮುಚ್ಚಿಕೊಂಡರೆ, ಬೆಲೆಯ ಮಾತೆಲ್ಲ ಬೆರಳಲ್ಲೇ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ಊರೇ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಮುಖವೂ ಏನೂ ಹೇಳಬಾರದು. ಹಿಡಿದ ಬೆರಳನ್ನು ಬಿಟ್ಟು ಬೇರೆ ಹಿಡಿಯುವಂತಿಲ್ಲ, ಹಿಡಿದದ್ದನ್ನು ಆಮೇಲೆ ಬಾಯಲ್ಲಿ ಆಡುವಂತಿಲ್ಲ. ಆಡಿದವನ ಕೈಯನ್ನು ಮತ್ತೆ ಮಂಡಿಯಲ್ಲಿ ಯಾರೂ ಹಿಡಿಯುತ್ತಿರಲಿಲ್ಲ. ದೊಡ್ಡಪ್ಪ ನಮಗೆ ಹುರಿಗಡಲೆ ಉಂಡೆ ಕೊಡುವಾಗ ಹೀಗೇ ವಲ್ಲಿ ಮುಚ್ಚಿ, "ಎಷ್ಟು ಬೇಕು, ಇಡೀರಿ" ಅನ್ನುತ್ತಿದ್ದರು. ಒಂದು ಸಲ ಮಂಗಳ ಎಷ್ಟು ಕೇಳಿದ್ದಾಳೋ ಅನ್ನುವ ಸಂಕಟಕ್ಕೆ ನಾನು ಇಡೀ ಕೈ ಹಿಡಿದುಬಿಟ್ಟೆ. ನನ್ನನ್ನು ಎದುರಿಗೆ ಕೂರಿಸಿ ಐದೂ ಉಂಡೆ ತಿನ್ನಿಸಿದರು. ಮಂಗಳ ಒಂದು ಬೆರಳು ಹಿಡಿದಿದ್ದಳು. "ನೋಡವ್ವ, ಮಂಗಳಂಗೆ ಆಸೆನೇ ಇಲ್ಲ" ಅಂದರು. ಆ ರಾತ್ರಿ ನನಗೆ ಹೊಟ್ಟೆನೋವು ಬಂತು, ಉಂಡೆಯಿಂದ ಎಷ್ಟೋ ಆ ಮಾತಿನಿಂದ ಎಷ್ಟೋ.

ಮದುವೆಯಲ್ಲೂ ಅವಳದೇ ಮೇಲಾಯಿತು. ನನ್ನವರು ಮಿಡಲ್ ಸ್ಕೂಲು ಮೇಷ್ಟರು. ಹೊಳೆನರಸೀಪುರದಲ್ಲಿ ಬಾಡಿಗೆ ಮನೆ, ಜೂನ್ ತಿಂಗಳು ಬಂದರೆ ವರ್ಗದ ಭಯ. ಮಂಗಳನಿಗೆ ಅರಕಲಗೂಡಿನ ಜವಳಿ ಅಂಗಡಿಯ ಮನೆ. ಹಿಂದೆ ಗದ್ದೆ, ಮುಂದೆ ಅಂಗಡಿ. ಮದುವೆಯಾದ ವರ್ಷವೇ ಸೊಂಟಕ್ಕೆ ಡಾಬು ಬಂತು. ನಮ್ಮವರು ಒಳ್ಳೆಯವರು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಒಳ್ಳೆಯತನವನ್ನು ಸೊಂಟಕ್ಕೆ ಕಟ್ಟಿಕೊಂಡು ನೆಂಟರ ಮನೆಯ ಪಡಸಾಲೆಯಲ್ಲಿ ಓಡಾಡುವುದಕ್ಕೆ ಬರುವುದಿಲ್ಲವಲ್ಲ.

ಹೀಗಿರುವಾಗ, ಸೇರು ಹೋಗಿ ಕಿಲೋ ಬಂದು ಮಂಡಿಯವರೆಲ್ಲ ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ದೊಡ್ಡಪ್ಪನಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಯಲ್ಲಿ ಇದ್ದು ಬಂದರು. ಅಲ್ಲಿ ನೋಡಲು ಬಂದ ಪರಿಚಯದ ವಕೀಲರೊಬ್ಬರು ಅವರ ತಲೆಗೆ ಟ್ರಸ್ಟಿನ ಮಾತು ಹಾಕಿದರು. ಮಕ್ಕಳಿಲ್ಲದವರ ಆಸ್ತಿ ಕೋರ್ಟಿಗೆ ಹೋಗುವುದು ನಿಶ್ಚಯ, ಬದುಕಿರುವಾಗಲೇ ಟ್ರಸ್ಟು ಮಾಡಿ, ಹಳ್ಳಿಯಿಂದ ಬಂದು ಹೈಸ್ಕೂಲು ಓದುವ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಹಾಸ್ಟೆಲು ನಡೆಸಿ, ತೋಟದ ಹುಟ್ಟುವಳಿ ಅದರ ಖರ್ಚಿಗಾಗುತ್ತದೆ, ನೀವಿಬ್ಬರೂ ಇರುವ ತನಕ ಅಲ್ಲೇ ಇರಬಹುದು ಅಂದರಂತೆ. ದೊಡ್ಡಪ್ಪನಿಗೆ ಮಾತು ಹಿಡಿಸಿತು. ತಾವು ಅಕ್ಷರ ಕಲಿಯದೆ ಬೆರಳಲ್ಲೇ ಬದುಕಿದವರು, ಹೆಣ್ಣುಮಕ್ಕಳು ಪುಸ್ತಕ ಎದೆಗವಚಿಕೊಂಡು ಹೋಗುವುದನ್ನು ನಿಂತು ನೋಡುತ್ತಿದ್ದರು. ಆದರೆ ಮನಸ್ಸು ಗಟ್ಟಿ ಮಾಡಲಾರದೆ ಹೋದರು. "ಸ್ವಂತ ಎಣ್ಣುಮಕ್ಳ ಕಣ್ಣಲ್ಲಿ ನೀರಾಕ್ಸಿ ಕಂಡೋರ ಎಣ್ಣುಮಕ್ಳಿಗೆ ಧರ್ಮ ಮಾಡದಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ನಾವು ಅವರ ಹೆಣ್ಣುಮಕ್ಕಳೇ. ಹಾಗೆಂದೇ ಅವರು ಹೇಳುತ್ತಿದ್ದದ್ದು.

ದೊಡ್ಡಮ್ಮನಿಗೆ ಟ್ರಸ್ಟೆಂದರೆ ಏನೆಂದು ಕೊನೆಗೂ ಪೂರ್ತಿ ಅರ್ಥವಾಗಲಿಲ್ಲ. "ಒಲೆ ಯಾರ್ದಾಗ್ತದೆ, ಅದನ್ನ ಏಳಿ ಮೊದ್ಲು. ನನ್ನ ಒಲೆ ಮುಂದೆ ನಾನು ಯಾರ ಅಪ್ಣೆ ಕೇಳ್ಕೊಂಡು ಕೂತ್ಕೊಬೇಕು?" ಅಂದಳು. ವಕೀಲರು ಹಾಸನದಿಂದ ಬಂದು ಕಾಫಿ ಕುಡಿಯುತ್ತ ಎಷ್ಟು ವಿವರಿಸಿದರೂ ಒಲೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಈಗ ಯೋಚಿಸಿದರೆ ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಸರಿಯಾದದ್ದು ಅದೊಂದೇ ಅನ್ನಿಸುತ್ತದೆ.

ಕೊನೆಗೆ ಒಂದು ಭಾನುವಾರ ನಮ್ಮಿಬ್ಬರನ್ನೂ ಗಂಡಂದಿರ ಸಮೇತ ಕರೆಸಿದರು, ವಕೀಲರನ್ನೂ ಕರೆಸಿದರು. ನಾವು ಬಸ್ಸಿನಲ್ಲಿ ಬಂದೆವು. ಮಂಗಳ ಬಾಡಿಗೆ ಕಾರಿನಲ್ಲಿ ಬಂದಳು. ಊಟವಾದ ಮೇಲೆ ದೊಡ್ಡಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಪಾಲಾದರೆ ಹೇಗೆ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ಮಂಗಳನ ಗಂಡಂಗೆ ಬೇಸಾಯ ಗೊತ್ತು, ತ್ವಾಟ ಅವಳ್ಗೆ. ಮೇಷ್ಟ್ರಿಗೆ ನಿಂತ ನೆಲ ಇಲ್ಲ, ಮನೆ ಇವಳ್ಗೆ. ಮಂಡಿ ನನ್ನ ಕಾಲಕ್ಕೇ ಮುಗೀಲಿ. ಇಲ್ಲಾ ಅಂದ್ರೆ ಎಲ್ಲಾನೂ ಟ್ರಸ್ಟು." ಅವರು ಯೋಚಿಸಿ ಹೇಳಿದ ಮಾತು, ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನನ್ನವರಿಗಂತೂ ಬಾಡಿಗೆ ಮನೆಯ ಬಾಳು ಮುಗಿಯಿತೆಂದು ಮುಖ ಅರಳಿತು. ನನ್ನ ಕಿವಿಗೆ ಬಿದ್ದದ್ದು ಒಂದೇ: ತೋಟ ಮಂಗಳನಿಗೆ. ಮತ್ತೆ ಗಾಡಿಯಲ್ಲಿ ಅವಳು, ಅಟ್ಟದ ಮೇಲೆ ನಾನು.

ಬಾಯಿಬಿಟ್ಟು ಕೇಳಿದರೆ ಒಬ್ಬರ ಮುಖ ನೋಡಿ ಒಬ್ಬರು ಸಂಕೋಚಪಡುತ್ತೇವೆ, ಗಂಡಂದಿರು ನಡುವೆ ಬಾಯಿ ಹಾಕುತ್ತಾರೆ ಎಂದು ದೊಡ್ಡಪ್ಪ ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಹೆಗಲ ಮೇಲಿನ ವಲ್ಲಿ ತೆಗೆದು ಬಲಗೈಯ ಮೇಲೆ ಹಾಕಿಕೊಂಡರು. "ಬಾಯಿ ಸುಳ್ಳು ಆಡ್ತದೆ. ಕೈ ಆಡಲ್ಲ. ನಾನು ಇಷ್ಟು ವರ್ಷದಲ್ಲಿ ಸುಳ್ಳಾಡೋ ಕೈ ಇಡಿದಿಲ್ಲ. ಟ್ರಸ್ಟು ಅನ್ನೋರು ನನ್ನ ಎಬ್ಬೆಟ್ಟು ಇಡೀರಿ. ಪಾಲು ಅನ್ನೋರು ಕಿರುಬೆಳ್ಳು ಇಡೀರಿ. ಇಬ್ರಲ್ಲಿ ಒಬ್ರು ಕಿರುಬೆಳ್ಳು ಇಡಿದ್ರೂ ನಾಳೆನೇ ಪಾಲು ಬರೆಸ್ತೀನಿ. ಯಾರು ಇಡಿದ್ರು ಅಂತ ಸಾಯೋಗಂಟ ಬಾಯಿ ಬಿಡಾಕಿಲ್ಲ. ನೀವೂ ಬಿಡಂಗಿಲ್ಲ." ವಕೀಲರಿಗೆ ನಗು ಬಂದಿರಬೇಕು, ಲೋಟದಲ್ಲಿ ಮುಖ ಇಟ್ಟುಕೊಂಡರು.

ಮೊದಲು ನನ್ನ ಸರದಿ. ವಲ್ಲಿಯ ಕೆಳಗೆ ಕೈ ತೂರಿಸಿದೆ. ಕೊಬ್ಬರಿ ಹಿಡಿದು ಹಿಡಿದು ನುಣುಪಾದ, ಬೆಚ್ಚಗಿನ ಕೈ. ಕಿರುಬೆರಳು ಹಿಡಿದರೆ ನನಗೆ ಮನೆ. ಬಾಡಿಗೆಯಿಲ್ಲ, ಮಾಲೀಕನ ಹೆಂಡತಿಯ ಕೊಂಕಿಲ್ಲ, ಸಾಯುವ ತನಕ ನನ್ನದೇ ಸೂರು. ಹೆಬ್ಬೆಟ್ಟು ಹಿಡಿದರೆ ಏನೂ ಇಲ್ಲ. ಕತ್ತೆಗೂ ಗೊತ್ತಾಗುವ ಲೆಕ್ಕ. ಕಣ್ಣೆತ್ತಿದರೆ ಎದುರಿಗೆ ಮಂಗಳ ಡಾಬು ಸರಿಮಾಡಿಕೊಳ್ಳುತ್ತ ಕೂತಿದ್ದಾಳೆ. ಅವಳು ಹೇಗೂ ಕಿರುಬೆರಳು ಹಿಡಿಯುತ್ತಾಳೆ, ಪಾಲು ಹೇಗೂ ಆಗುತ್ತದೆ, ಆದರೆ ಆ ತೋಟ ಅವಳಿಗೆ ನನ್ನ ಕೈಯಿಂದ ಹೋಗಬಾರದು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹೆಬ್ಬೆಟ್ಟನ್ನು ಗಟ್ಟಿಯಾಗಿ ಹಿಡಿದೆ. ದೊಡ್ಡಪ್ಪನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಆಮೇಲೆ ಮಂಗಳ ಕೈ ಕೊಟ್ಟಳು. ಅವಳು ಹಿಡಿದು ಬಿಡಲು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ದೊಡ್ಡಪ್ಪ ವಲ್ಲಿಯನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳದೆ ಕಣ್ಣಿಗೆ ಒತ್ತಿಕೊಂಡರು. ನಾವು ಯಾರೂ ಅವರು ಅತ್ತದ್ದನ್ನು ನೋಡಿರಲಿಲ್ಲ. "ವಕೀಲ್ರೇ, ಟ್ರಸ್ಟು ಬರೀರಿ" ಅಂದರು. "ಬಂಗಾರದಂತ ಮಕ್ಳು ಸಾ ನನ್ನವು. ಇಬ್ರೂ ತಮಗೆ ಬೇಡ ಅಂದವೆ."

ಮನೆ ಹೋಯಿತು. ನನ್ನವರು ಪಾಪ, ಬಸ್ಸಿನಲ್ಲಿ ಹೊಳೆನರಸೀಪುರ ಬರುವ ತನಕ ಕಿಟಕಿಯಾಚೆ ನೋಡಿಕೊಂಡಿದ್ದು, ಇಳಿಯುವಾಗ, "ನೀನು ಇಷ್ಟು ದೊಡ್ಡ ಮನಸ್ಸಿನವಳು ಅಂತ ನನಗೆ ಗೊತ್ತಿರಲಿಲ್ಲ" ಅಂದರು. ಅದನ್ನು ಹೊಗಳಿಕೆಯೆಂದು ತಿಳಿಯಬೇಕೋ ಬೇಡವೋ ಎಂದು ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ. ಆದರೆ ಮನೆ ಹೋದದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಟ್ರಸ್ಟು ಆಯಿತೆಂದರೆ ಮಂಗಳನೂ ಹೆಬ್ಬೆಟ್ಟು ಹಿಡಿದಿದ್ದಾಳೆ. ಕೈಗೆ ಬಂದ ತೋಟವನ್ನು ಬೇಡ ಅಂದಿದ್ದಾಳೆ. ಯಾಕೆ? ಅವಳು ಒಳ್ಳೆಯವಳು, ಅದಕ್ಕೆ. ನಾನು ಕೆಟ್ಟ ಮನಸ್ಸಿನಿಂದ ಹಿಡಿದ ಬೆರಳನ್ನೇ ಅವಳು ಒಳ್ಳೆಯ ಮನಸ್ಸಿನಿಂದ ಹಿಡಿದಿದ್ದಾಳೆ. ಡಾಬಿಗೆ ಹೊಟ್ಟೆಕಿಚ್ಚು ಪಟ್ಟರೆ ಅಂಥದೊಂದು ಮಾಡಿಸಿಕೊಂಡು ತಣಿಸಿಕೊಳ್ಳಬಹುದು. ಒಳ್ಳೆಯತನಕ್ಕೆ ಹೊಟ್ಟೆಕಿಚ್ಚು ಪಟ್ಟರೆ ಎಲ್ಲಿ ಹೋಗಿ ಏನು ಮಾಡಿಸಿಕೊಳ್ಳುವುದು?

ಪತ್ರ ನೋಂದಣಿಯಾಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನ ಜಗುಲಿಯಲ್ಲಿ ದೊಡ್ಡಪ್ಪ ಸಿಕ್ಕಿದವರಿಗೆಲ್ಲ ನಮ್ಮಿಬ್ಬರನ್ನು ತೋರಿಸಿ ಅದೇ ಬಂಗಾರದ ಮಾತು ಹೇಳಿದರು. ನಾನು ಸೆರಗು ಹೊದ್ದು ತಲೆ ತಗ್ಗಿಸಿ ನಿಂತಿದ್ದೆ. ನೋಡಿದವರು ವಿನಯ ಅಂದುಕೊಂಡಿರಬೇಕು. ನಮ್ಮಿಬ್ಬರನ್ನೂ ಧರ್ಮದರ್ಶಿಗಳನ್ನಾಗಿ ಮಾಡಿದ್ದರು, ಒಬ್ಬಳ ರುಜು ಇಲ್ಲದೆ ಇನ್ನೊಬ್ಬಳು ಒಂದು ಕಿಟಕಿಗೆ ಸುಣ್ಣ ಬಳಿಸುವಂತೆಯೂ ಇರಲಿಲ್ಲ. ಯಾರ ಕೈಗೆ ತೋಟ ಹೋಗಬಾರದೆಂದು ನಾನು ಬೆರಳು ಹಿಡಿದೆನೋ ಅವಳ ಜೊತೆಗೇ ನನ್ನನ್ನು ಬಾಳಿನುದ್ದಕ್ಕೂ ಕಟ್ಟಿಹಾಕಿದ್ದರು. ಮನೆಗೆ ಬಂದ ಮೇಲೆ ದೊಡ್ಡಮ್ಮ ಪಾತ್ರೆ ಕುಕ್ಕುತ್ತ ಒಂದೇ ಮಾತು ಅಂದಳು: "ಎಲ್ರ ಕೈನೂ ಇಡಿದ್ರಿ. ನನ್ನ ಕೈ ಯಾರಾರ ಇಡಿದ್ರಾ?" ದೊಡ್ಡಪ್ಪ ಅವತ್ತು ರಾಗಿಮುದ್ದೆಯನ್ನು ನುಂಗದೆ ಕೈಯಲ್ಲೇ ಉರುಳಿಸುತ್ತ ಕೂತರು. ಮಾರನೆಯ ವರ್ಷ ಮೊದಲ ಹುಡುಗಿಯರು ಟ್ರಂಕು ಹಿಡಿದು ಬಂದಾಗ ಒಲೆಯ ವಿಚಾರದಲ್ಲಿ ಯಾರೂ ತಲೆ ಹಾಕಕೂಡದೆಂದು ಅಪ್ಪಣೆಯಾಯಿತು. ದೊಡ್ಡಮ್ಮ ಲಿಂಗೈಕ್ಯಳಾಗುವ ತನಕ ದುದ್ದದ ಹುಡುಗಿಯರಿಂದ ಹಿಡಿದು ಬಾಗೂರಿನ ಹುಡುಗಿಯರ ತನಕ ಎಲ್ಲರನ್ನೂ ಮನಸಾರೆ ಬೈದುಕೊಂಡು ಅನ್ನ ಹಾಕಿದಳು.

ನಡುವಿನ ವರ್ಷಗಳ ಕತೆ ಬೇಡ. ಹುಡುಗಿಯರು ಅವಳನ್ನು ಮಂಗಳಮ್ಮ ಅನ್ನುತ್ತಾರೆ, ನನ್ನನ್ನು ಮೇಡಂ ಅನ್ನುತ್ತಾರೆ ಅಂದರೆ ಸಾಕು. ಅವಳು ಬಂದರೆ ಸುತ್ತ ಕೂರುತ್ತಾರೆ, ನಾನು ಬಂದರೆ ಎದ್ದು ನಿಲ್ಲುತ್ತಾರೆ. ವಾರ್ಷಿಕೋತ್ಸವದಲ್ಲಿ ಪ್ರತಿಸಲವೂ ಯಾರಾದರೂ ಎದ್ದು ಈ ಸೋದರಿಯರ ತ್ಯಾಗ ಎಂದು ಭಾಷಣ ಮಾಡುವಾಗ ನಾನು ಓರೆಗಣ್ಣಲ್ಲಿ ಮಂಗಳನನ್ನು ನೋಡುತ್ತಿದ್ದೆ. ಅವಳು ನೆಲ ನೋಡುತ್ತ ಕೂತಿರುತ್ತಿದ್ದಳು. ಹೊಗಳಿಕೆ ಬೇಡವಾದವರು ಹಾಗೇ ಕೂರುತ್ತಾರೆ. ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಹೋದ ತಿಂಗಳ ಮೀಟಿಂಗು ಮುಗಿದಾಗ ವಾರ್ಡನ್ ಹುಡುಗಿ ಪೆನ್ನು ಹಿಡಿದು ಬಂದಳು. "ಸ್ಮರಣ ಸಂಚಿಕೆಗೆ ಟ್ರಸ್ಟ್ ಶುರುವಾದ ಬಗ್ಗೆ ಒಂದು ಪುಟ ಬೇಕಿತ್ತಮ್ಮ. ಪಾಲು ಬೇಡ ಅಂತ ಇಬ್ರೂ ಬಿಟ್ಟುಕೊಟ್ರಂತಲ್ಲ, ಏನು ಪ್ರೇರಣೆ?" ಈ ಪ್ರಶ್ನೆಗೆ ನನ್ನ ಹತ್ತಿರ ಹದವಾದ ಒಂದು ಉತ್ತರ ಇದೆ, ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಂಗಳ, "ಬರ್ಕೊಳವ್ವ" ಅಂದಳು. "ನಮ್ಮಕ್ಕಂಗೆ ಈ ಮನೆ ಸಿಗಬಾರ್ದು ಅಂತ ನಾನು ಎಬ್ಬೆಟ್ಟು ಇಡಿದೆ. ಒಟ್ಟೆಕಿಚ್ಚು. ಬೇರೆ ಏನೂ ಇಲ್ಲ. ಬಾಯಿ ಬಿಡಬಾರ್ದು ಅಂದಿದ್ರು ದೊಡ್ಡಪ್ಪ. ಆದ್ರೆ ಈ ತ್ಯಾಗನ ತಲೆ ಮೇಲೆ ಒತ್ತು ಒತ್ತು ನಂಗೆ ಸಾಕಾಗೈತೆ."

ಹುಡುಗಿಯ ಪೆನ್ನು ಅಲ್ಲೇ ನಿಂತಿತು. ನಿಮಗೆ ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಹೆಂಡತಿ ತೀರಿಕೊಂಡವನಿಗೆ ಸಾಲವೂ ತೀರಿದ ಸುದ್ದಿ ಬಂದಂಥ ತಪ್ಪುತಪ್ಪಾದ ಸಂತೋಷ. ಅವಳು ಒಳ್ಳೆಯವಳಲ್ಲ. ನನ್ನಷ್ಟೇ. ಅದರ ಹಿಂದೆಯೇ, ಈ ಮಾತನ್ನೂ ಅವಳೇ ಮೊದಲು ಆಡಿಬಿಟ್ಟಳಲ್ಲ ಎಂದು ಸಿಟ್ಟು ಬಂತು. ಆಮೇಲೆ ನಿಧಾನಕ್ಕೆ ಬಂದದ್ದು ಆಶ್ಚರ್ಯ. ನನ್ನನ್ನು ಕಂಡು ಒಬ್ಬರು ಕರುಬಿದ್ದರೇ? ನನ್ನಲ್ಲಿ ಏನಿತ್ತು?

"ನಾನೂ ಅಷ್ಟೇ ಕಣೆ" ಅಂದೆ. "ನಿಂಗೆ ತೋಟ ಸಿಗಬಾರ್ದು ಅಂತ ಹಿಡಿದೆ."

"ತ್ವಾಟನಾ?" ಮಂಗಳ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಆ ತ್ವಾಟ ಯಾರಿಗೆ ಬೇಕಾಗಿತ್ತಕ್ಕ? ಗಾಡಿ ಕುಲುಕಾಟಕ್ಕೆ ನಂಗೆ ವಾಂತಿ ಬರೋದು. ಬರಲ್ಲ ಅಂದ್ರೆ ದೊಡ್ಡಪ್ಪ ಬೇಜಾರು ಮಾಡ್ಕೋತಾರೆ ಅಂತ ಓಗ್ತಿದ್ದೆ. ಅಲ್ಲಿ ಒಬ್ಳೇ ಕೂತ್ಕೊಂಡು, ಇಲ್ಲಿ ನೀನು ದೊಡ್ಡಮ್ಮ ಏನು ಮಾತಾಡ್ತಿರ್ತೀರೋ ಅಂತ ಒಳಗೊಳಗೇ ಬೇಯ್ತಿದ್ದೆ."

"ಏನು ಮಾತು? ಇಡೀ ದಿನ ಬೈಸ್ಕೊಂಡು ಸಾಯ್ತಿದ್ದೆ ನಾನು."

"ಅದೇ ಕಣಕ್ಕ. ನಂಗೆ ಒಂದಿನ ಬೈಲಿಲ್ಲ ದೊಡ್ಡಮ್ಮ. ವಿಭೂತಿ ಗಟ್ಟಿ ಬೇಕಂತಲೇ ಒಡೆದೆ, ಆಗ್ಲೂ ನಿನ್ನ ಕರೆದು ಬೈದ್ಲು. ನೆಂಟ್ರ ಮಗು ಅಂತ ಮಣೆ ಹಾಕ್ತಿದ್ಲು ನಂಗೆ. ಮನೆ ಮಗಳು ನೀನೇ ಆಗಿದ್ದೆ."

ಅಟ್ಟದ ಮೇಲಿನ ಧೂಳಿಗೂ ಧಗೆಗೂ ಒಬ್ಬಳು ಅಷ್ಟು ದೂರದ ತೋಟದಲ್ಲಿ ಕೂತು ಆಸೆಪಟ್ಟಿದ್ದಾಳೆ. ಅವತ್ತು ಆ ಹಾಳು ವಲ್ಲಿ ಇಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿಬಿಟ್ಟು ಜಗಳ ಆಡಿದ್ದರೆ ಅದಲು ಬದಲು ಮಾಡಿಕೊಂಡು ಮುಗಿಸಬಹುದಿತ್ತು. ಅವಳಿಗೆ ಮನೆ, ನನಗೆ ತೋಟ. ಕೈ ಸುಳ್ಳಾಡುವುದಿಲ್ಲ ಎಂದು ನಂಬಿದ್ದ ದೊಡ್ಡಪ್ಪನಿಗೆ, ಹೆಸರು ಹೇಳಬೇಕಿಲ್ಲದ ಕೈ ಬಾಯಿಗಿಂತ ಕೆಟ್ಟದ್ದು ಅನ್ನುವುದು ಕೊನೆಗೂ ತಿಳಿಯಲಿಲ್ಲ. ಒಳಗೆ ಹುಡುಗಿಯರು ಊಟಕ್ಕೆ ತಟ್ಟೆ ಹಿಡಿದು ಗಲಾಟೆ ಮಾಡುತ್ತಿದ್ದರು. ಹಾಗೆ ಅದಲು ಬದಲು ಮಾಡಿಕೊಂಡಿದ್ದರೆ ಇಷ್ಟು ವರ್ಷ ಈ ಗಲಾಟೆ ಎಲ್ಲಿರುತ್ತಿತ್ತು ಎಂದೂ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ, ಮತ್ತೆ ಅದನ್ನೂ ತ್ಯಾಗದ ಲೆಕ್ಕಕ್ಕೆ ಬರೆದುಕೊಂಡಾರು. ವಾರ್ಡನ್ ಹುಡುಗಿ ಹಾಳೆಯ ಮೇಲೆ ನಿಸ್ವಾರ್ಥ ಸೇವೆ ಎಂದು ಬರೆದುಕೊಂಡು ಹೊರಟುಹೋದಳು. ನಾವು ತಡೆಯಲಿಲ್ಲ.

ಹೊರಡುವ ಹೊತ್ತಾಯಿತು. ಮಂಗಳನಿಗೆ ಈಗ ಮಂಡಿ ನೋವು, ಕೋಲಿಲ್ಲದೆ ನಡೆಯಕೂಡದೆಂದು ಡಾಕ್ಟರು ಹೇಳಿದ್ದಾರೆ. ಅವಳು ಕೋಲನ್ನು ಒಳಗೇ ಬಿಟ್ಟು, ಕಂಬ ಹಿಡಿದುಕೊಂಡು ಜಗುಲಿಯ ಮೆಟ್ಟಿಲಿಗೆ ಕಾಲು ಚಾಚುತ್ತಿದ್ದಳು. ಯಾವಾಗಲೂ ನಾನು ಇಂಥದಕ್ಕೆಲ್ಲ, "ನಿಧಾನ ಮಂಗಳ" ಎಂದು ಮೀಟಿಂಗಿನ ದನಿಯಲ್ಲಿ ಹೇಳಿ ಸುಮ್ಮನಾಗುವವಳು. ಅವತ್ತು ಎಲ್ಲಿತ್ತೋ, ಹೊಟ್ಟೆಯೊಳಗಿಂದ ಬಂದುಬಿಟ್ಟಿತು.

"ಲೇ, ನಿಂಗೇನು ಕಣ್ಣು ಕಾಣಲ್ವೇನೆ? ಕೋಲೆಲ್ಲೇ ಬಿಸಾಕಿ ಬಂದೆ? ಬಿದ್ದು ಸೊಂಟ ಮುರ್ಕೊಂಡ್ರೆ ಯಾರೇ ಮಾಡ್ತಾರೆ ನಿನ್ನ ಚಾಕರಿ, ನಾನು ಮಾಡ್ಲಾ? ಓಗು ಒಳಕ್ಕೆ, ತಗೊಂಡ್ ಬಾ ಮೊದ್ಲು."

ಬೋರ್ಡು ಬರೆಯುತ್ತಿದ್ದವನು ಕೂಡ ತಿರುಗಿ ನೋಡಿದ. ಮಂಗಳ ಕಂಬ ಹಿಡಿದುಕೊಂಡೇ ಒಂದು ಗಳಿಗೆ ನಿಂತಳು. ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, "ತತ್ತೀನಿ ತಡಿಯಕ್ಕ" ಅಂದಳು. ಆಮೇಲೆ ಹೊಸ್ತಿಲು ದಾಟಿ, ಯಾವ ಅವಸರವೂ ಇಲ್ಲದೆ, ತನ್ನ ಮನೆಯೊಳಗೆ ತಾನು ಹೋಗುವವಳ ಹಾಗೆ ಒಳಗೆ ಹೋದಳು.